2004–2010ರ ಕನ್ನಡ ಬ್ಲಾಗುಗಳು: ಆಗ ಹೇಗೆ ನಡೆಯುತ್ತಿದ್ದವು, ಈಗ ಉಳಿಸಿಕೊಳ್ಳುವುದು ಹೇಗೆ?

ಪುಟಗೂಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 2004ರಿಂದ 2010ರವರೆಗಿನ ಕೆಲವು ಕನ್ನಡ ಬ್ಲಾಗುಗಳನ್ನು, ಬರೆದವರ ಒಪ್ಪಿಗೆ ಪಡೆದು, ಒಂದೆಡೆ ಜೋಡಿಸಿಡುವ ಕೆಲಸಕ್ಕೆ ನಮ್ಮ ಬಳಗ ಕೈಹಾಕಿದೆ. ಕೆಲವು ಬ್ಲಾಗ್‌ಸ್ಪಾಟ್‌ನಲ್ಲಿ ಇನ್ನೂ ಇವೆ, ಆದರೆ ಬರೆದವರಿಗೇ ಪಾಸ್‌ವರ್ಡ್ ನೆನಪಿಲ್ಲ. ಕೆಲವು ಸ್ವಂತ ಡೊಮೈನ್‌ನಲ್ಲಿದ್ದವು, ನವೀಕರಿಸದೆ ಕೈತಪ್ಪಿಹೋಗಿವೆ. ಇನ್ನು ಕೆಲವರು ಸಿಡಿಯಲ್ಲಿ ಇಟ್ಟುಕೊಂಡಿದ್ದ ಕಡತ ಕೊಟ್ಟಿದ್ದಾರೆ. ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ.

ನಮ್ಮ ಬಳಗದ ಹೆಚ್ಚಿನವರು ಮೊಬೈಲ್ ಬಂದಮೇಲೆ ಓದಲು ಶುರುಮಾಡಿದವರು. ಆ ಕಾಲದಲ್ಲಿ ಬ್ಲಾಗ್ ಬರೆಯುವುದು ಹೇಗಿತ್ತು, ಏನನ್ನು ಗಮನಿಸಬೇಕು, ಯಾವುದನ್ನು ಬಿಡಬಾರದು ಎಂದು ಬಲ್ಲವರು ತಿಳಿಸಿಕೊಡಿ. ನೆನಪಿನ ಜೊತೆಗೆ ಕೆಲಸಕ್ಕೆ ಬರುವ ವಿವರವೂ ಬೇಕು.

---

ಹಳೇಟೆಂಪ್ಲೇಟು:

ತುಂಬ ಸಂತೋಷದ ಕೆಲಸ. ಅಷ್ಟು ತೊಡಕುಗಳ ನಡುವೆಯೂ ಜನ ಅಷ್ಟು ಪ್ರೀತಿಯಿಂದ ಬರೆದ ಕಾಲ ಅದು. ಆ ತೊಡಕುಗಳು ಏನೆಂದು ಗೊತ್ತಿದ್ದರೆ ಹಳೆಯ ಪುಟಗಳಲ್ಲಿ ಕಾಣುವ ಎಷ್ಟೋ ವಿಚಿತ್ರಗಳಿಗೆ ಕಾರಣ ಸಿಗುತ್ತದೆ.

ಬ್ಲಾಗ್‌ಸ್ಪಾಟ್ ವಿಳಾಸ ಕೊಡುವ ಬ್ಲಾಗರ್ ಸೇವೆಯನ್ನು ಪೈರಾ ಲ್ಯಾಬ್ಸ್ 1999ರಲ್ಲಿ ಆರಂಭಿಸಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ವರ್ಡ್‌ಪ್ರೆಸ್ ತಂತ್ರಾಂಶ ಬಂದದ್ದೂ 2003ರಲ್ಲೇ. ಉಚಿತವಾಗಿ ಜಾಗ ಕೊಡುವ ವರ್ಡ್‌ಪ್ರೆಸ್ ಡಾಟ್ ಕಾಮ್ 2005ರಲ್ಲಿ. ಆದರೆ ಕನ್ನಡಿಗರಿಗೆ ದಾರಿಯಾದದ್ದು ವಿಂಡೋಸ್ ಎಕ್ಸ್‌ಪಿ. ಅದರಲ್ಲಿ ತುಂಗಾ ಎಂಬ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಸಂಕೇತ) ಫಾಂಟ್ ಇತ್ತು. ಫಾಂಟ್ ಇದ್ದರೂ ಅಕ್ಷರಗಳು ಕೂಡಿಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಎಂಬಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಚೌಕಕ್ಕೆ ಗುರುತು ಹಾಕಬೇಕು. ಆಗ ಅದು ಎಕ್ಸ್‌ಪಿ ಸಿಡಿ ಕೇಳುತ್ತದೆ. ಸಿಡಿ ಹಾಕಿ, ಕಡತಗಳನ್ನು ನಕಲಿಸಿಕೊಂಡು, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಬೇಕು. ಸೈಬರ್ ಕೆಫೆಯಲ್ಲಿ ಕುಳಿತವರಿಗೆ ಸಿಡಿ ಎಲ್ಲಿಂದ ಬರಬೇಕು? ಹಾಗಾಗಿ ಓದುಗರಲ್ಲಿ ಎಷ್ಟೋ ಮಂದಿಗೆ ಒತ್ತಕ್ಷರ ಕೆಳಗಿಳಿಯದೆ, ಗುಡಿಸು ಅಕ್ಷರಕ್ಕೆ ಅಂಟದೆ ಚುಕ್ಕಿವೃತ್ತದ ಮೇಲೆ ಬಿಡಿಯಾಗಿ ಕಾಣುತ್ತಿತ್ತು. ಅಂದಿನ ಬ್ಲಾಗುಗಳ ಪಕ್ಕದ ಪಟ್ಟಿಯಲ್ಲಿ 'ಕನ್ನಡ ಸರಿಯಾಗಿ ಕಾಣುತ್ತಿಲ್ಲವೇ?' ಎಂಬ ಸೂಚನೆ ಇರುತ್ತಿದ್ದುದು ಇದಕ್ಕೇ. ಅದನ್ನು ಅಳಿಸಬೇಡಿ, ಅದೂ ದಾಖಲೆ.

ಟೈಪಿಸಲು ಮುಖ್ಯವಾಗಿ ಇದ್ದದ್ದು ಎರಡು: ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ'. ಬರಹದಲ್ಲಿ ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರಣೆಯಂತೆ ಒತ್ತುತ್ತಾ ಹೋದರೆ ಕನ್ನಡ ಮೂಡುತ್ತಿತ್ತು. ನುಡಿಯದು ಕೆ. ಪಿ. ರಾವ್ ವಿನ್ಯಾಸ ಆಧರಿಸಿದ ಕೀಲಿಮಣೆ. ಮುಂದೆ ಬೆಂಗಳೂರಿನಲ್ಲೇ ಹುಟ್ಟಿದ ಕ್ವಿಲ್‌ಪ್ಯಾಡ್, ಅದರ ಬೆನ್ನಿಗೆ ಗೂಗಲ್‌ನ ಲಿಪ್ಯಂತರ ಬಂದವು. ಇವೆರಡೂ ಪದವನ್ನು ಊಹಿಸುತ್ತಿದ್ದವು, ಹಾಗಾಗಿ ಕೆಲವು ಸಲ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ. ಅಂಥ ತಪ್ಪು ಕಂಡರೆ ಬರೆದವರನ್ನು ಕೇಳದೆ ತಿದ್ದಬೇಡಿ. ಕೆಲವೊಮ್ಮೆ ಅದು ಆಡುಮಾತಿಗಾಗಿ ಬೇಕೆಂದೇ ಬರೆದದ್ದಾಗಿರುತ್ತದೆ.

ವಿಳಾಸಗಳ ವಿಚಾರಕ್ಕೆ ಬಂದರೆ, ಬ್ಲಾಗರ್ ಶೀರ್ಷಿಕೆಯಲ್ಲಿನ ಇಂಗ್ಲಿಷ್ ಅಕ್ಷರಗಳನ್ನಷ್ಟೇ ತೆಗೆದುಕೊಂಡು ಕೊಂಡಿ ಮಾಡುತ್ತಿತ್ತು. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬರೇ 'ಬ್ಲಾಗ್-ಪೋಸ್ಟ್' ಎಂದಾಗುತ್ತಿತ್ತು, ಅದೇ ತಿಂಗಳ ಮುಂದಿನ ಬರಹಕ್ಕೆ ಕೊನೆಯಲ್ಲಿ ಒಂದು ಸಂಖ್ಯೆ ಸೇರುತ್ತಿತ್ತು. ಬಲ್ಲವರು ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಶೀರ್ಷಿಕೆ ಕೊಟ್ಟು ಪ್ರಕಟಿಸಿ, ಕೂಡಲೇ ಒಳಗೆ ಹೋಗಿ ಕನ್ನಡಕ್ಕೆ ಬದಲಿಸುತ್ತಿದ್ದರು. ಕೊಂಡಿ ಹಾಗೇ ಉಳಿಯುತ್ತಿತ್ತು. ಆದ್ದರಿಂದ ಕೊಂಡಿಯಲ್ಲಿ ಒಂದು ಹೆಸರು, ಪುಟದಲ್ಲಿ ಇನ್ನೊಂದು ಇದ್ದರೆ ಗಾಬರಿ ಬೇಡ. ವರ್ಡ್‌ಪ್ರೆಸ್ ಕನ್ನಡವನ್ನೇ ಕೊಂಡಿಗೆ ಹಾಕುತ್ತಿತ್ತು. ಆದರೆ ಅಲ್ಲಿ ಮಿತಿ 200 ಚಿಹ್ನೆ. ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಚಿಹ್ನೆ, ಒಟ್ಟು 9. ಅಂದರೆ 22 ಸಂಕೇತ ದಾಟಿದರೆ ಕೊಂಡಿ ಅರ್ಧಕ್ಕೇ ತುಂಡು. ಕೊಂಬು, ಗುಡಿಸು, ಹಲಂತ (ಅಕ್ಷರದೊಳಗಿನ ಅಕಾರ ತೆಗೆಯುವ ಚಿಹ್ನೆ) ಎಲ್ಲವೂ ಈ ಎಣಿಕೆಗೆ ಸೇರುತ್ತವೆ.

ದಿನಾಂಕಗಳನ್ನು ಕುರುಡಾಗಿ ನಂಬಬೇಡಿ. ಬ್ಲಾಗರ್‌ನಲ್ಲಿ ಸಮಯವಲಯ ಬದಲಿಸದಿದ್ದರೆ ಅದು ಅಮೆರಿಕದ ಪಶ್ಚಿಮ ಕರಾವಳಿಯದೇ ಆಗಿರುತ್ತಿತ್ತು, ನಮಗಿಂತ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ. ಯುಗಾದಿಯ ಬೆಳಗ್ಗೆ ಹಾಕಿದ ಶುಭಾಶಯ ಹಿಂದಿನ ದಿನದ ತಾರೀಖು ಹೊತ್ತಿರುವುದು ಇದರಿಂದ. ನಡುರಾತ್ರಿ ಎರಡರ ನಂತರದ ಬರಹಗಳು ಕಂಡರೆ ಅದಕ್ಕೆ ಬೇರೆ ಕಾರಣವೂ ಇರಬಹುದು: ಬಿಎಸ್‌ಎನ್‌ಎಲ್‌ನ ಒಂದು ಜನಪ್ರಿಯ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಬಳಕೆ ಉಚಿತವಾಗಿತ್ತು.

ಇನ್ನೊಂದು. ಜುಲೈ 2006ರಲ್ಲಿ, ಮುಂಬೈ ರೈಲು ಸ್ಫೋಟದ ನಂತರ, ಕೆಲವೇ ಪುಟಗಳನ್ನು ತಡೆಯಿರಿ ಎಂದು ಸರ್ಕಾರದಿಂದ ಬಂದ ಆದೇಶಕ್ಕೆ ಇಂಟರ್ನೆಟ್ ಸೇವೆಯವರು ಬ್ಲಾಗ್‌ಸ್ಪಾಟ್ ಪೂರ್ತಿ ಮುಚ್ಚಿಬಿಟ್ಟಿದ್ದರು. ಆ ತಿಂಗಳ ನಡುವೆ ಕೆಲವು ಬ್ಲಾಗುಗಳಲ್ಲಿ ಬರಹ, ಪ್ರತಿಕ್ರಿಯೆ ಎರಡೂ ತೆಳುವಾಗಿದ್ದರೆ ಈ ಸಂಗತಿ ನೆನಪಿರಲಿ.

---

ಕಡತಕಪಾಟು:

ಮೇಲಿನವರು ಹಿನ್ನೆಲೆ ಚೆನ್ನಾಗಿ ಹೇಳಿದ್ದಾರೆ. ಈಗ ಹೊರತೆಗೆಯುವ ಕೆಲಸ.

ಪಾಸ್‌ವರ್ಡ್ ಇಲ್ಲದ ಬ್ಲಾಗ್‌ಸ್ಪಾಟ್ ಪುಟ ಸಾರ್ವಜನಿಕವಾಗಿ ತೆರೆಯುತ್ತಿದ್ದರೆ ಅದರ ಫೀಡ್ (ಬರಹಗಳನ್ನೆಲ್ಲ ಸಾಲಾಗಿ ಒಂದೇ ಕಡತದಲ್ಲಿ ಕೊಡುವ ವಿಳಾಸ) ಸಾಕು. ವಿಳಾಸದ ಕೊನೆಗೆ ಓರೆಗೆರೆ ಹಾಕುತ್ತಾ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಎಂದು ಇಂಗ್ಲಿಷ್‌ನಲ್ಲಿ ಸೇರಿಸಿ. ಹಾಗೇ ಬಿಟ್ಟರೆ ಇತ್ತೀಚಿನ 25 ಬರಹ ಮಾತ್ರ ಬರುತ್ತವೆ. ಅದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮ್ಯಾಕ್ಸ್-ರಿಸಲ್ಟ್ಸ್ 100, ಸ್ಟಾರ್ಟ್-ಇಂಡೆಕ್ಸ್ 1 ಎಂದು ಕೊಡಿ. ಮುಂದಿನ ಸಲ 101, ಆಮೇಲೆ 201, ಹೀಗೆ ಖಾಲಿಯಾಗುವವರೆಗೆ. ಬಂದದ್ದನ್ನೆಲ್ಲ ಎಕ್ಸ್‌ಎಂಎಲ್ ಆಗಿಯೇ ಉಳಿಸಿ, ವರ್ಡ್ ಕಡತಕ್ಕೆ ನಕಲಿಸಬೇಡಿ. ಪೋಸ್ಟ್ಸ್ ಬದಲು ಕಾಮೆಂಟ್ಸ್ ಎಂದು ಕೊಟ್ಟರೆ ಪ್ರತಿಕ್ರಿಯೆಗಳ ಫೀಡ್ ಸಿಗುತ್ತದೆ. ಒಂದೇ ಷರತ್ತು: ಬ್ಲಾಗಿನ ಒಡೆಯರು ಫೀಡನ್ನು 'ಶಾರ್ಟ್' ಎಂದು ಇಟ್ಟಿದ್ದರೆ ಮೊದಲ ಸಾಲುಗಳಷ್ಟೇ ಬರುತ್ತವೆ. ಆಗ ತಿಂಗಳವಾರು ಪುಟಗಳನ್ನೇ ಇಳಿಸಿಕೊಳ್ಳಬೇಕು.

ಪಾಸ್‌ವರ್ಡ್ ಸಿಕ್ಕರೆ ಸೆಟ್ಟಿಂಗ್ಸ್‌ನ 'ಮ್ಯಾನೇಜ್ ಬ್ಲಾಗ್' ಕೆಳಗಿನ ಬ್ಯಾಕಪ್ ಅಥವಾ ಗೂಗಲ್ ಟೇಕೌಟ್ (ಗೂಗಲ್ ಖಾತೆಯ ಮಾಹಿತಿ ಇಳಿಸಿಕೊಳ್ಳುವ ಸೇವೆ) ಬಳಸಿ. ಪುಟದ ವಿನ್ಯಾಸವಿರುವ ಟೆಂಪ್ಲೇಟನ್ನು ಥೀಮ್ ಪುಟದಿಂದ ಬೇರೆಯಾಗಿ ಇಳಿಸಿಕೊಳ್ಳಿ. ಪಕ್ಕದ ಪಟ್ಟಿಯನ್ನು ನೇರವಾಗಿ ಟೆಂಪ್ಲೇಟಿನಲ್ಲೇ ಬರೆದಿಟ್ಟ ಹಳೆಯ ಬ್ಲಾಗುಗಳಲ್ಲಿ ಅದು ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಅಳಿದುಹೋದ ಡೊಮೈನಿಗೆ, ಹಳೆಯ ಪುಟಗಳ ನಕಲು ಕೂಡಿಡುವ ವೇಬ್ಯಾಕ್ ಮೆಷಿನ್ ತಾಣವೇ ಗತಿ. ವಿಳಾಸ ಕೊಟ್ಟು ಕೊನೆಗೆ ಓರೆಗೆರೆ, ನಕ್ಷತ್ರ ಚಿಹ್ನೆ ಹಾಕಿದರೆ ಅಲ್ಲಿ ಉಳಿದಿರುವ ಎಲ್ಲ ಕೊಂಡಿಗಳ ಪಟ್ಟಿ ಬರುತ್ತದೆ. ಹೆಚ್ಚಿನವರು ಒಂದೊಂದೇ ಬರಹ ಹುಡುಕಿ, ಸಿಗದೆ ಕೈಚೆಲ್ಲುತ್ತಾರೆ. ಬ್ಲಾಗ್‌ಸ್ಪಾಟ್ ಆಗಿದ್ದರೆ ಮೊದಲು ತಿಂಗಳ ಪುಟ ನೋಡಿ. ಅದರ ಹೆಸರಲ್ಲಿ ವರ್ಷ, ತಿಂಗಳು, 01, ಕೊನೆಗೆ 'ಆರ್ಕೈವ್' ಎಂದಿರುತ್ತದೆ. ಆ ಒಂದು ಪುಟದಲ್ಲೇ ಇಡೀ ತಿಂಗಳ ಬರಹಗಳು ಪೂರ್ತಿಯಾಗಿ ಇರುವುದುಂಟು. ಬಿಡಿ ಬರಹ ಕಳೆದುಹೋಗಿದ್ದರೂ ತಿಂಗಳ ಪುಟ ಉಳಿದಿರುವ ಸಾಧ್ಯತೆ ಹೆಚ್ಚು.

ಇಳಿಸುವಾಗ ವಿಳಾಸದ ನಡುವೆ 14 ಅಂಕಿ ಕಾಣುತ್ತದೆ, ವರ್ಷದಿಂದ ಸೆಕೆಂಡಿನವರೆಗಿನ ಸಮಯ. ಅದಕ್ಕೆ ಅಂಟಿಸಿ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ 'ಐಡಿ', ಜೊತೆಗೆ ಒಂದು ಅಡಿಗೆರೆ ಸೇರಿಸಿದರೆ ವೇಬ್ಯಾಕ್ ಪುಟದ ಮೇಲೆ ತಾನು ಹಾಕುವ ಪಟ್ಟಿ, ತಿದ್ದಿದ ಕೊಂಡಿಗಳು ಯಾವುದೂ ಇಲ್ಲದ ಮೂಲ ಪುಟ ಬರುತ್ತದೆ. ಸಂಗ್ರಹಕ್ಕೆ ಇದೇ ಬೇಕು. ಡೊಮೈನ್ ಬೇರೆಯವರ ಪಾಲಾದ ನಂತರದ ನಕಲುಗಳಲ್ಲಿ ಜಾಹೀರಾತು ತುಂಬಿರುತ್ತದೆ, ಹಳೆಯ ತಾರೀಖಿನಿಂದ ಮುಂದಕ್ಕೆ ನೋಡುತ್ತಾ ಬನ್ನಿ.

ಚಿತ್ರಗಳ ಮಟ್ಟಿಗೆ ಬೇಸರದ ಮಾತೇ ಹೇಳಬೇಕು. ಚಿತ್ರ ಇಡುವ ತಾಣ ಫೋಟೋಬಕೆಟ್ 2017ರಲ್ಲಿ ಹೊರಗಿನ ಪುಟಗಳಿಗೆ ಉಚಿತವಾಗಿ ಚಿತ್ರ ಕೊಡುವುದನ್ನು ನಿಲ್ಲಿಸಿತು, ಉಚಿತ ಪುಟಗಳ ತಾಣ ಜಿಯೋಸಿಟೀಸ್ 2009ರಲ್ಲೇ ಮುಚ್ಚಿತು. ಬ್ಲಾಗರ್‌ಗೇ ಏರಿಸಿದ ಚಿತ್ರಗಳು ಮಾತ್ರ ಬಹುಪಾಲು ಉಳಿದಿವೆ. ಅವುಗಳ ವಿಳಾಸದ ನಡುವೆ ಇಂಗ್ಲಿಷ್‌ನ ಎಸ್ ಮತ್ತು 320 ಅಥವಾ 400 ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು 1600 ಮಾಡಿ ನೋಡಿ, ದೊಡ್ಡ ಅಳತೆಯದು ಇದ್ದರೆ ಬರುತ್ತದೆ.

---

ಸಾಲುಮರ:

ಒಂದು ಸಣ್ಣ ಸೇರ್ಪಡೆ. 2012ರಿಂದ ಕೆಲವು ವರ್ಷ ಭಾರತದಲ್ಲಿ ಬ್ಲಾಗ್‌ಸ್ಪಾಟ್ ತೆರೆದರೆ ವಿಳಾಸ ತಾನಾಗಿ 'ಡಾಟ್ ಇನ್' ಆಗುತ್ತಿತ್ತು. ಜನ ಅದನ್ನೇ ನಕಲಿಸಿ ಕೊಂಡಿ ಕೊಟ್ಟರು. ಆ 'ಡಾಟ್ ಇನ್' ಈಗ ಗೂಗಲ್ ಕೈಯಲ್ಲಿಲ್ಲ. ನಿಮ್ಮ ಪಟ್ಟಿಯಲ್ಲಿ ಹಾಗೆ ಕೊನೆಯಾಗುವ ಕೊಂಡಿಗಳನ್ನೆಲ್ಲ 'ಡಾಟ್ ಕಾಮ್' ಎಂದು ಬದಲಿಸಿ ತೆರೆಯಿರಿ. ಸತ್ತಿದೆ ಅಂದುಕೊಂಡ ಎಷ್ಟೋ ಬ್ಲಾಗು ಜೀವಂತ ಸಿಗುತ್ತವೆ.

---

ಪುಟಗೂಡು:

ಎಲ್ಲರಿಗೂ ಧನ್ಯವಾದ. ಸಾಲುಮರ ಅವರೇ, ನಮ್ಮ 'ಇಲ್ಲ' ಪಟ್ಟಿಯಲ್ಲಿದ್ದ ನಾಲ್ಕು ಬ್ಲಾಗು ನಿಮ್ಮ ಮಾತಿನಂತೆ ತೆರೆದವು!

ಈಗ ಸಿಡಿ ಕಡತಗಳ ಪ್ರಶ್ನೆ. ಒಂದರಲ್ಲಿ ಸಾಲುಗಟ್ಟಲೆ ಬರೇ ಪ್ರಶ್ನಾರ್ಥಕ ಚಿಹ್ನೆ. ಇನ್ನೊಂದು ವರ್ಡ್‌ಪ್ರೆಸ್ ಡೇಟಾಬೇಸ್, ಅದರಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಸಣ್ಣ 'ಎ', ಪಕ್ಕದಲ್ಲಿ ಪುಟ್ಟ 2 ಅಥವಾ 3, ಮತ್ತೇನೋ ಒಂದು, ಇದೇ ಮರುಕಳಿಸುತ್ತದೆ. ಮೂರನೆಯದರಲ್ಲಿ ದೊಡ್ಡ 'ಪಿ', 'ಎ', ಪೌಂಡ್ ಚಿಹ್ನೆ ಎಲ್ಲ ಬೆರೆತಿವೆ. ಮೂರಕ್ಕೂ ಒಂದೇ ಮದ್ದು ಇದೆಯೇ?

---

ಅರ್ಕಾವತ್ತು:

ಮೂರೂ ಬೇರೆ ಬೇರೆ, ಮದ್ದೂ ಬೇರೆ.

ಪ್ರಶ್ನಾರ್ಥಕ ಚಿಹ್ನೆಯ ಕಡತ ಮರಳಿ ಬರುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಆರಿಸದೆ 'ಆನ್ಸಿ' (ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಹಳೆಯ ಸಂಕೇತಪಟ್ಟಿ) ಎಂದೇ ಬಿಟ್ಟಾಗ ಹೀಗಾಗುತ್ತದೆ. ಕನ್ನಡದ ಪ್ರತಿ ಸಂಕೇತವೂ ನಿಜವಾಗಿಯೇ ಪ್ರಶ್ನಾರ್ಥಕವಾಗಿ ಬದಲಾಗಿರುತ್ತದೆ. ಆ ಬರಹಗಳಿಗೆ ವೇಬ್ಯಾಕ್ ನೋಡಿ.

ಎರಡನೆಯದು ಬದುಕುತ್ತದೆ, ಆದರೆ ಹುಷಾರಾಗಿ ಮಾಡಬೇಕು. ಅದು ಸರಿಯಾದ ಯುಟಿಎಫ್-8 ಕನ್ನಡವೇ, ಪಶ್ಚಿಮ ಯುರೋಪಿನ ಲಿಪಿ ಎಂದು ತಪ್ಪಾಗಿ ಓದಲ್ಪಟ್ಟಿದೆ. ವರ್ಡ್‌ಪ್ರೆಸ್ 2.2ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಡೇಟಾಬೇಸ್‌ನ ಅಕ್ಷರಸಮೂಹ ಸೂಚಿಸುವ ಸೌಲಭ್ಯವೇ ಇರಲಿಲ್ಲ. ಅದರ ಹಿಂದಿನ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ತನ್ನ ರೂಢಿಯಂತೆ 'ಲ್ಯಾಟಿನ್-1' (ಪಶ್ಚಿಮ ಯುರೋಪಿನ ಸಂಕೇತಪಟ್ಟಿ) ಎಂದುಕೊಂಡು ಕೂಡಿಸಿಡುತ್ತಿತ್ತು. ಮಾಡಬೇಕಾದ್ದು ಇಷ್ಟು: ಮೂಲ ಕಡತದ ಪ್ರತಿ ತೆಗೆದಿಡಿ. ಡೇಟಾಬೇಸನ್ನು ಲ್ಯಾಟಿನ್-1 ಎಂದೇ ಹೇಳಿ ಒಳಗೆ ತನ್ನಿ. ಬರಹ, ಶೀರ್ಷಿಕೆ, ಪ್ರತಿಕ್ರಿಯೆ ಇರುವ ಕಾಲಂಗಳನ್ನು ಮೊದಲು ಬ್ಲಾಬ್ (ಅಕ್ಷರವೆಂದು ನೋಡದೆ ಬೈಟ್‌ಗಳನ್ನಷ್ಟೇ ಇಡುವ) ಮಾದರಿಗೆ ಬದಲಿಸಿ, ಆಮೇಲೆ ಟೆಕ್ಸ್ಟ್ ಮಾದರಿಗೆ ಯುಟಿಎಫ್-8 ಎಂದು ಸೂಚಿಸಿ ಬದಲಿಸಿ. ಬ್ಲಾಬ್ ಹಂತ ಬಿಟ್ಟು ನೇರವಾಗಿ ಬದಲಿಸಿದರೆ ಮೈಎಸ್‌ಕ್ಯೂಎಲ್ ತಪ್ಪು ಅಕ್ಷರಗಳನ್ನೇ ನಿಷ್ಠೆಯಿಂದ ಪರಿವರ್ತಿಸಿಡುತ್ತದೆ, ಕೆಡುಕು ಇಮ್ಮಡಿ.

ಈ ಕಡತವನ್ನು ಯಾವುದೇ ಎಡಿಟರ್‌ನಲ್ಲಿ ತೆರೆದು ಉಳಿಸಬೇಡಿ. ವಿಂಡೋಸ್‌ನ ಪಶ್ಚಿಮ ಯುರೋಪ್ ಸಂಕೇತಪಟ್ಟಿಯಲ್ಲಿ 5 ಸ್ಥಾನಗಳು ಖಾಲಿ ಇವೆ. ದುರದೃಷ್ಟಕ್ಕೆ ಕನ್ನಡದ ಹಲಂತ ಮತ್ತು ಉಕಾರದ ಕೊಂಬು, ಜೊತೆಗೆ ಏ, ಐ, ಝ, ಇವುಗಳ ಕೊನೆಯ ಬೈಟ್ ಆ ಖಾಲಿ ಸ್ಥಾನಗಳಲ್ಲೇ ಬೀಳುತ್ತದೆ. ಕೆಲವು ಎಡಿಟರ್‌ಗಳು ಅವನ್ನು ಸದ್ದಿಲ್ಲದೆ ತೆಗೆದುಹಾಕುತ್ತವೆ. ಹಲಂತ ಹೋದರೆ ಒತ್ತಕ್ಷರವೆಲ್ಲ ಹೋದಂತೆ. ಠ ಅಕ್ಷರಕ್ಕೂ ಅಪಾಯವಿದೆ: ಅದರ ಕೊನೆಯ ಬೈಟ್ 'ಮುರಿಯದ ಖಾಲಿಜಾಗ'ದ್ದು, ಹೆಚ್ಚುವರಿ ಖಾಲಿಜಾಗ ಸ್ವಚ್ಛಮಾಡುವ ಸಲಕರಣೆ ಅದನ್ನು ನುಂಗಿಬಿಡುತ್ತದೆ. ಪರಿವರ್ತನೆ ಮುಗಿದ ಮೇಲೆ 'ಪಾಠ', 'ಕಠಿಣ', 'ಐದು', 'ಏಕೆ', 'ಎಲ್ಲರೂ' ಇಂಥ ಪದ ಹುಡುಕಿ ನೋಡಿ, ಸಿಕ್ಕರೆ ಕಡತ ಗಟ್ಟಿಯಾಗಿದೆ.

ಮೂರನೆಯದು ಯೂನಿಕೋಡೇ ಅಲ್ಲ. ನುಡಿ ಅಥವಾ ಬರಹದ ಹಳೆಯ ಫಾಂಟ್ ಸಂಕೇತ, ಇವೆರಡರದೂ ಒಂದೇ ನಮೂನೆ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದಾರೆ. ದೊಡ್ಡ 'ಪಿ' ಎಂದರೆ ತಲೆಕಟ್ಟಿಲ್ಲದ ಕ, ಓರೆಗೆರೆ ಹೊತ್ತ ದೊಡ್ಡ 'ಎ' ಎಂದರೆ ತಲೆಕಟ್ಟು, ಪೌಂಡ್ ಚಿಹ್ನೆ ನ, ಜರ್ಮನ್ನರ ಜೋಡಿ ಎಸ್ ಅಕ್ಷರ ನಕಾರದ ಒತ್ತು. ಇವಕ್ಕೆ ಡಕಾರದ ಚೂರನ್ನೂ ಸೇರಿಸಿ ಜೋಡಿಸಿದರೆ 'ಕನ್ನಡ' ಆಗುತ್ತದೆ. ಇದಕ್ಕೆ ಆಸ್ಕಿಯಿಂದ (ಈ ಹಳೆಯ ಸಂಕೇತವನ್ನು ಹೀಗೂ ಕರೆಯುತ್ತಾರೆ) ಯೂನಿಕೋಡ್‌ಗೆ ಮಾಡುವ ಪರಿವರ್ತಕಗಳಿವೆ. ನುಡಿಯ ಜೊತೆಗೇ ಒಂದು ಬರುತ್ತದೆ.

ಪರಿವರ್ತಕದ ಕೆಲಸವನ್ನು ಎಲ್ಲಿ ಪರೀಕ್ಷಿಸಬೇಕು ಗೊತ್ತೇ? ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮ, ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮ. 'ಶಕ್ತಿ' ಎಂಬಲ್ಲಿ ಹಳೆಯದರಲ್ಲಿ ಮೊದಲು ಕಿ, ಆಮೇಲೆ ತಕಾರದ ಒತ್ತು. ಹೊಸದರಲ್ಲಿ ಕ, ಹಲಂತ, ತ, ಕೊನೆಗೆ ಗುಡಿಸು. 'ಧರ್ಮ'ದಲ್ಲಿ ಅರ್ಕಾವತ್ತು ಹಳೆಯದರಲ್ಲಿ ಮಕಾರದ ನಂತರ, ಹೊಸದರಲ್ಲಿ ಅದಕ್ಕೂ ಮುಂಚೆ. ಸಾಧಾರಣ ಪರಿವರ್ತಕ ಸೋಲುವುದು ಇವೆರಡೂ ಸೇರಿದಾಗ, ಇಲ್ಲವೇ ಒತ್ತಿನ ಮೇಲೆ ಒತ್ತು ಬಂದಾಗ. 'ಮೂರ್ತಿ', 'ಕೀರ್ತಿ', 'ಸ್ವಾತಂತ್ರ್ಯ', 'ವೈಶಿಷ್ಟ್ಯ', 'ಶಾಸ್ತ್ರೀಯ' ಇರುವ ಸಾಲುಗಳನ್ನು ಕೈಯಾರೆ ಓದಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡ ಚೂರು ಎಂದುಕೊಂಡು ಕೆಡಿಸುತ್ತದೆ, ಅವನ್ನು ಮೊದಲೇ ಗುರುತು ಮಾಡಿಡಿ.

---

ಬ್ಲಾಗ್‌ರೋಲ್:

ಇಷ್ಟು ಹೊತ್ತು ಬರಹಗಳ ಮಾತಾಯಿತು. ನನ್ನ ಮಟ್ಟಿಗೆ ಆ ಕಾಲದ ಜೀವ ಇದ್ದದ್ದು ಪ್ರತಿಕ್ರಿಯೆಯಲ್ಲಿ ಮತ್ತು ಪಕ್ಕದ ಪಟ್ಟಿಯಲ್ಲಿ. ಲೇಖನವಷ್ಟೇ ಎತ್ತಿಟ್ಟುಕೊಂಡರೆ ಬ್ಲಾಗ್ ಉಳಿಯುವುದಿಲ್ಲ, ಲೇಖನ ಉಳಿಯುತ್ತದೆ.

ಆಗ ಯಾವ ಯಂತ್ರವೂ 'ಇದನ್ನು ಓದು' ಎಂದು ಮುಂದೆ ತಂದಿಡುತ್ತಿರಲಿಲ್ಲ. ಒಂದು ಬ್ಲಾಗಿನ ಪಕ್ಕದಲ್ಲಿ ಹತ್ತಿಪ್ಪತ್ತು ಗೆಳೆಯರ ಹೆಸರು, ಒಂದನ್ನು ಒತ್ತಿದರೆ ಅಲ್ಲಿ ಇನ್ನಷ್ಟು ಹೆಸರು. ಯಾರು ಯಾರನ್ನು ಓದುತ್ತಿದ್ದರು ಎಂಬುದರ ನಕ್ಷೆ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹಾಗಾಗಿ ಪ್ರತಿ ಬ್ಲಾಗಿಗೂ ವರ್ಷಕ್ಕೆ ಕನಿಷ್ಠ ಎರಡು ವೇಬ್ಯಾಕ್ ನಕಲು ಆರಿಸಿ, ಪಕ್ಕದ ಪಟ್ಟಿಯನ್ನು ತಾರೀಖಿನೊಂದಿಗೆ ಬೇರೆ ಕೋಷ್ಟಕದಲ್ಲಿ ಬರೆದಿಡಿ: ಕೊಟ್ಟವರು, ಪಡೆದವರು, ಯಾವ ಹೆಸರಿನಿಂದ ಕರೆದಿದ್ದಾರೆ. ವಿಳಾಸ ಮರೆತುಹೋದ ಬ್ಲಾಗುಗಳು ಈ ಪಟ್ಟಿಗಳಲ್ಲೇ ಸಿಗುತ್ತವೆ. 2005ರಲ್ಲಿ ಶುರುವಾದ 'ಸಂಪದ'ದಂಥ ಸಮುದಾಯ ತಾಣದ ಹಳೆಯ ಪುಟಗಳನ್ನೂ ತೆರೆದು ನೋಡಿ, ಅಲ್ಲಿ ಬರೆಯುತ್ತಿದ್ದವರಲ್ಲಿ ಹಲವರು ಸ್ವಂತ ಬ್ಲಾಗಿನ ಕೊಂಡಿ ಕೊಟ್ಟಿರುತ್ತಾರೆ. ನಿಂಗ್ ತಾಣದ ಉಚಿತ ಗುಂಪುಗಳು 2010ರಲ್ಲಿ ನಿಂತವು, ಆರ್ಕುಟ್ 2014ರಲ್ಲಿ. ಅಲ್ಲಿಗೆ ಹೋಗುವ ಕೊಂಡಿ ಕೆಲಸ ಮಾಡದಿದ್ದರೂ ಪಟ್ಟಿಯಿಂದ ತೆಗೆಯಬೇಡಿ.

ಪ್ರತಿಕ್ರಿಯೆಗಳಲ್ಲಿ ಒಂದು ಕಷ್ಟವಿದೆ. ಕೆಲವರು ಬ್ಲಾಗರ್‌ನ ಪ್ರತಿಕ್ರಿಯೆ ಸೌಲಭ್ಯ ಬಿಟ್ಟು ಹ್ಯಾಲೋಸ್ಕ್ಯಾನ್ ಎಂಬ ಹೊರಗಿನ ಸೇವೆ ಅಳವಡಿಸಿಕೊಂಡಿದ್ದರು. ಅದು 2010ರ ಹೊತ್ತಿಗೆ ನಿಂತಿತು. ಅಲ್ಲಿ ಬರೆದದ್ದು ಬ್ಲಾಗರ್‌ನ ಬ್ಯಾಕಪ್‌ನಲ್ಲಿ ಬರುವುದಿಲ್ಲ. ಬರಹದ ಕೆಳಗೆ '14 ಪ್ರತಿಕ್ರಿಯೆ' ಎಂದಿದ್ದು ಫೀಡಿನಲ್ಲಿ ಸೊನ್ನೆ ಬಂದರೆ ಇದೇ ಕಾರಣವಿರಬಹುದು. ಬರೆದವರ ಹಳೆಯ ಇಮೇಲ್ ಪೆಟ್ಟಿಗೆಯಲ್ಲಿ ಹುಡುಕಲು ಹೇಳಿ. ಪ್ರತಿಕ್ರಿಯೆ ಬಂದಾಗಲೆಲ್ಲ ಅಂಚೆ ಬರುವಂತೆ ಇಟ್ಟುಕೊಂಡಿದ್ದರೆ ಪೂರ್ತಿ ಪಠ್ಯ ಅಲ್ಲಿರುತ್ತದೆ.

ಪ್ರತಿಕ್ರಿಯೆಗಳಲ್ಲಿ ಬಹಳಷ್ಟು ಇಂಗ್ಲಿಷ್ ಅಕ್ಷರದ ಕನ್ನಡ. ಓದುಗರ ಕಂಪ್ಯೂಟರಿನಲ್ಲಿ, ಅದರಲ್ಲೂ ಆಫೀಸಿನ ಕಂಪ್ಯೂಟರಿನಲ್ಲಿ, ಟೈಪಿಸುವ ತಂತ್ರಾಂಶ ಹಾಕಲು ಅನುಮತಿ ಇರುತ್ತಿರಲಿಲ್ಲ. ಅದನ್ನು ಕನ್ನಡ ಲಿಪಿಗೆ ಬದಲಿಸಿ ಪ್ರಕಟಿಸಬೇಡಿ. ಮೂಲ ಹಾಗೇ ಇರಲಿ, ಬೇಕಿದ್ದರೆ ಕೆಳಗೆ ಕನ್ನಡ ಲಿಪಿಯ ರೂಪ ಕೊಡಿ. ಬ್ಲಾಗ್ ಬರೆದವರ ಒಪ್ಪಿಗೆ ಪ್ರತಿಕ್ರಿಯೆ ಬರೆದವರಿಗೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ: ಇಮೇಲ್, ಫೋನ್ ಸಂಖ್ಯೆ ಕಂಡರೆ ತೆಗೆದುಹಾಕಿ, ಯಾರಾದರೂ ತಮ್ಮ ಮಾತು ಬೇಡ ಎಂದರೆ ತೆಗೆಯುವ ವ್ಯವಸ್ಥೆ ಮೊದಲೇ ಇಟ್ಟುಕೊಳ್ಳಿ.

---

ಹಳೇಟೆಂಪ್ಲೇಟು:

ಬ್ಲಾಗ್‌ರೋಲ್ ಅವರ ಮಾತಿಗೆ ಪೂರ್ತಿ ಸಹಮತ. ಹಳೆಯ ಟೆಂಪ್ಲೇಟನ್ನು ಇದ್ದಂತೆಯೇ ತೋರಿಸಲು ಹೊರಟರೆ ಒಂದು ಮಾತು. ಆಗ ಎಲ್ಲರೂ ಮೆಚ್ಚಿದ್ದ 'ಮಿನಿಮಾ' ಟೆಂಪ್ಲೇಟಿನಲ್ಲಿ ಪಕ್ಕದ ಪಟ್ಟಿಯ ತಲೆಬರಹಗಳಿಗೆ ಅಕ್ಷರಗಳ ನಡುವೆ ಅಂತರ ಕೊಡುವ ಸಾಲು ಇದೆ. ಇಂಗ್ಲಿಷ್‌ಗೆ ಚಂದ, ಕನ್ನಡದ ಅಕ್ಷರಗಳನ್ನು ಬಿಡಿಬಿಡಿ ಮಾಡುತ್ತದೆ. ಅದನ್ನು ಸೊನ್ನೆ ಮಾಡಿ. ಸಾಲಿನ ಎತ್ತರ 1.4 ಇದ್ದಲ್ಲಿ 1.7 ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಣ್ಣ, ಚೌಕಟ್ಟು ಮುಟ್ಟಬೇಡಿ.

---

ಅರ್ಕಾವತ್ತು:

ಕೊನೆಯದಾಗಿ ಹುಡುಕಾಟದ ವಿಷಯ. 'ರ‍್ಯಾಂಕ್', 'ರ‍್ಯಾಲಿ' ಇಂಥ ಪದಗಳಲ್ಲಿ ರಕಾರ ಅರ್ಕಾವತ್ತು ಆಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರುತ್ತದೆ. 'ರಾಜ್‌ಕುಮಾರ್' ಎಂಬಲ್ಲಿ ಒತ್ತಕ್ಷರ ಆಗದಂತೆ ಇನ್ನೊಂದು. ಹಳೆಯ ಬರಹಗಳಲ್ಲಿ ಇವು ಕೆಲವೆಡೆ ಇವೆ, ಕೆಲವೆಡೆ ಇಲ್ಲ, ಮತ್ತೆ ಕೆಲವೆಡೆ ಹಲಂತಕ್ಕೆ ಮೊದಲು ಇರಬೇಕಾದ್ದು ನಂತರ ಇದೆ. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. 'ಕೋ', 'ಕೀ' ಮೊದಲಾದವನ್ನೂ ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಕೂಡಿಸಿಡಬಹುದು, ಪರಿವರ್ತಕದಿಂದ ಬಂದ ಪಠ್ಯದಲ್ಲಿ ಈ ಬೆರಕೆ ಹೆಚ್ಚು.

ಮೂಲ ಪಠ್ಯ ತಿದ್ದಬೇಡಿ. ಹುಡುಕಾಟಕ್ಕೆಂದೇ ಎರಡನೆಯ ಪ್ರತಿ ಮಾಡಿ. ಅದಕ್ಕೆ ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಜೋಡಣೆಗಳನ್ನು ಒಂದಾಗಿಸುವ ಕ್ರಮ) ಏಕರೂಪ ಕೊಡಿ, ಆಮೇಲೆ ಆ ಎರಡು ಅಗೋಚರ ಚಿಹ್ನೆಗಳನ್ನು ತೆಗೆಯಿರಿ. ಓದುಗರು ಹುಡುಕಲು ಟೈಪಿಸಿದ ಪದಕ್ಕೂ ಇದೇ ಎರಡು ಹಂತ ಮಾಡಿದ ಮೇಲಷ್ಟೇ ಹೋಲಿಸಿ. ಫಲಿತಾಂಶವಾಗಿ ತೋರಿಸುವುದು ಮಾತ್ರ ಮೂಲ ಪ್ರತಿಯ ಸಾಲನ್ನೇ.